ಚಿಕ್ಕವ್ವನ ಮಾತಿಗೆ ನಾನು ಮಾಡಿದ ಅನುವಾದ

ಕಾಲೇಜಿನಲ್ಲಿ ಯಾವ ಸಮಾರಂಭವಾದರೂ ಪ್ರಾಂಶುಪಾಲರು ನನ್ನನ್ನು ‘ಕೊರಿಯಾಗೆ ಹೋಗಿಬಂದ ನಮ್ಮ ಮೇಡಂ’ ಎಂದೇ ಪರಿಚಯಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಚಿಕ್ಕವ್ವನೂ ಹೋಗಬೇಕಾಗಿತ್ತು ಎಂಬುದು ಅಲ್ಲಿ ಯಾರಿಗೂ ನೆನಪಿಲ್ಲ. ನೆನಪಿರುವುದು ನನಗೆ, ನಾನು ಬಾಯಿ ಬಿಡುವುದಿಲ್ಲ.

ನಮ್ಮೂರು ಹನೂರಿನ ಆಚೆ, ಕಾಡಂಚಿನಲ್ಲಿ. ಪಿಯುಸಿ ಓದಲು ಕೊಳ್ಳೇಗಾಲಕ್ಕೆ ಬಂದು ಅವ್ವನ ತಂಗಿಯ ಮನೆಯಲ್ಲಿ ಉಳಿದೆ. ಚಿಕ್ಕವ್ವ ರೇಷ್ಮೆ ನೂಲು ತೆಗೆಯುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಕುದಿಯುವ ನೀರಿನ ಬಾಂಡಲಿಯಲ್ಲಿ ಕೈಯಾಡಿಸಿ, ಗೂಡುಗಳಿಂದ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಅವಳ ಬೆರಳ ತುದಿಗಳು ಸದಾ ಬೆಂದು ಬಿಳಿಚಿಕೊಂಡಿರುತ್ತಿದ್ದವು. ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳವನ್ನು ಕೆಲವು ದಿನ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಉಪ್ಪು ಖಾರ ಹಾಕಿ ಹುರಿದು, ಮುದ್ದೆಯ ಜೊತೆ ಬಡಿಸುತ್ತಿದ್ದಳು. ರುಚಿಯಾಗಿಯೇ ಇರುತ್ತಿತ್ತು. ಕಾಲೇಜಿನಲ್ಲಿ ಮಾತ್ರ, ಯಾರೂ ಕೇಳದಿದ್ದರೂ, ನಮ್ಮ ಮನೆಯಲ್ಲಿ ರಾತ್ರಿ ಬೇಳೆಸಾರು ಎಂದು ಹೇಳಿಕೊಳ್ಳುತ್ತಿದ್ದೆ.

ಕೊರಿಯನ್ ಕಲಿತದ್ದು ಅಲ್ಲಿನ ಧಾರಾವಾಹಿಗಳ ಹುಚ್ಚಿನಿಂದ. ಓದು ಮುಗಿದು, ಅತಿಥಿ ಉಪನ್ಯಾಸಕಿಯಾಗಿ ಯಳಂದೂರಿನ ಕಾಲೇಜಿಗೆ ಬಸ್ಸಿನಲ್ಲಿ ದಿನಾ ಓಡಾಡುವಾಗ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಆಮೇಲೆ, ತಮ್ಮ ದೇಶದ ಭಾಷೆ ಸಂಸ್ಕೃತಿಗಳನ್ನು ಹೊರದೇಶಗಳಲ್ಲಿ ಬೆಳೆಸಲು ಅನುದಾನ ಕೊಡುವ ಅಲ್ಲಿನ ಸಂಸ್ಥೆಯೊಂದರ ಉಚಿತ ಪಾಠಕ್ಕೆ ಸೇರಿದೆ. ಕ್ರಿಯಾಪದ ನಮ್ಮಲ್ಲಿಯಂತೆಯೇ ಕೊನೆಗೆ ಬರುತ್ತದೆ. ನಮ್ಮ ‘ಇಲ್ಲ’ಕ್ಕೆ ಒಂದು ಪದ, ‘ಅಲ್ಲ’ಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ನನಗೆ ಈ ಭಾಷೆ ಬೇಗ ಹತ್ತಿತು, ಜೊತೆಗೆ ತಲೆಗೆ ಜಂಬವೂ ಹತ್ತಿತು.

ಅದೇ ಸಂಸ್ಥೆ ನಮ್ಮ ಕಾಲೇಜಿನ ಜೊತೆ ವಿನಿಮಯ ಯೋಜನೆಯೊಂದನ್ನು ಶುರುಮಾಡಿತು. ಕೊರಿಯನ್ ಬಲ್ಲ ಒಬ್ಬ ಶಿಕ್ಷಕಿಗೆ ತರಬೇತಿ. ಕೈಯಿಂದ ನೂಲು ತೆಗೆಯುವ ಒಬ್ಬರಿಗೆ ಮೂರು ತಿಂಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದ್ದು ವಿದ್ಯಾರ್ಥಿಗಳಿಗೆ ಕಲಿಸುವ ಅವಕಾಶ. ನಾನು ಚಿಕ್ಕವ್ವನ ಹೆಸರು ಕೊಟ್ಟೆ. ಅವಳ ಅಕ್ಕಪಕ್ಕದ ಬಾಂಡಲಿಗಳು ಆಗಲೇ ಆರಿಹೋಗಿದ್ದವು. ಮಷಿನ್ನುಗಳು ಬಂದಿದ್ದವು, ಬಿಸಿನೀರಿಗೆ ಕೈ ಹಾಕಲು ಹೊಸಬರು ಯಾರೂ ಬರುತ್ತಿರಲಿಲ್ಲ. ಅವಳ ಸ್ವಂತ ಮಗಳೇ ಕಲಿತಿರಲಿಲ್ಲ. ವಿಷಯ ತಿಳಿಸಿದಾಗ ಅವಳು ಹಣದ ಮಾತಾಗಲಿ ವಿಮಾನದ ಮಾತಾಗಲಿ ಎತ್ತಲಿಲ್ಲ.

“ಅಲ್ಲಾರ ಕಲಿಯೋರು ಅವ್ರೆ ಅಂತೀಯಲ್ಲವ್ವ. ಓಯ್ತೀನಿ ಕಣ,” ಎಂದಳು.

ಇಬ್ಬರೂ ಹೋಗಿ ಪಾಸ್‌ಪೋರ್ಟಿಗೆ ಕೊಟ್ಟು ಬಂದೆವು. ಬೆರಳ ಗುರುತು ತೆಗೆಯುವ ಯಂತ್ರಕ್ಕೆ ಅವಳ ಬೆಂದ ಬೆರಳು ಹಿಡಿಯದೆ ಮತ್ತೆ ಮತ್ತೆ ಒತ್ತಿಸಿದರು.

ಆಯ್ಕೆಗೆಂದು ಕೊರಿಯಾದಿಂದ ಹಿರಿಯ ಸಂಶೋಧಕಿಯೊಬ್ಬರು ಬಂದರು. ಅವತ್ತು ಬೆಳಿಗ್ಗೆಯೇ ಪ್ರಾಂಶುಪಾಲರು ಚಿಕ್ಕವ್ವ ದುಡಿಯುತ್ತಿದ್ದ ನೂಲಿನ ಶೆಡ್ಡಿಗೆ ಫಿನಾಯಿಲ್ ಹಾಕಿ ತೊಳೆಸಿ, ಊದಿನಕಡ್ಡಿ ಹಚ್ಚಿಸಿ, ಹುಳದ ಬುಟ್ಟಿಯನ್ನು ಹಿತ್ತಲಿಗೆ ಸಾಗಿಸಿದ್ದರು. ನಮ್ಮ ಸಂಸ್ಕೃತಿ ಫಿನಾಯಿಲ್ ವಾಸನೆ ಹೊಡೆಯಬೇಕೆಂದು ಅವರ ಎಣಿಕೆ. ಆಕೆ ಒಳಗೆ ಬಂದವರೇ ಮೂಗರಳಿಸಿ ಏನನ್ನೋ ಹುಡುಕಿದರು. ಚಿಕ್ಕವ್ವನ ಕೈಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ಗೂಡಿನ ಹುಳವನ್ನು ಏನು ಮಾಡುತ್ತೀರಿ, ತಿನ್ನುತ್ತೀರಾ ಎಂದು ಕೇಳಿದರು. ನಾನು ಅದನ್ನು ಚಿಕ್ಕವ್ವನಿಗೆ ಸರಿಯಾಗಿಯೇ ಹೇಳಿದೆ.

“ಊಂ, ತಿಂತೀವಿ. ಉಪ್ಪು ಖಾರ ಆಕಂಡು ಉರ್ಕಂಡು ತಿಂತೀವಿ,” ಎಂದ ಚಿಕ್ಕವ್ವ ನನ್ನ ಕಡೆ ಕೈ ತೋರಿಸಿದಳು. “ಇವ್ಳ್ಗೂ ಅದ್ನೇ ತಿನ್ಸಿ ಬೆಳ್ಸಿವ್ನಿ.”

ಹಿಂದೆ ನಿಂತಿದ್ದ ಸಹೋದ್ಯೋಗಿಗಳಲ್ಲಿ ಯಾರೋ ಕಿಸಕ್ಕೆಂದರು. ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಹಿರಿಯರ ಕಡೆ ತಿರುಗಿ ಇಲ್ಲವೆಂದು ತಲೆಯಲ್ಲಾಡಿಸಿ, ಒಂದು ತಪ್ಪೂ ಇಲ್ಲದ ಕೊರಿಯನ್‌ನಲ್ಲಿ, ಇಲ್ಲಿ ಯಾರೂ ತಿನ್ನುವುದಿಲ್ಲ, ಕೋಳಿ ಮೇವಿಗೆ ಕೊಡುತ್ತಾರೆ ಎಂದೆ. ಆಕೆ ಪುಸ್ತಕದಲ್ಲಿ ಏನೋ ಬರೆದು ಮುಚ್ಚಿದರು. ಬುಟ್ಟಿ ಬಚ್ಚಿಡಿಸಿದ್ದು ಪ್ರಾಂಶುಪಾಲರು, ನಿಜ. ಸುಳ್ಳು ಹೇಳೆಂದು ನನಗೆ ಯಾರೂ ಹೇಳಿರಲಿಲ್ಲ.

ನನಗೆ ಆಯ್ಕೆಯ ಪತ್ರ ಬಂತು. ಚಿಕ್ಕವ್ವನ ಜಾಗಕ್ಕೆ ಬೇರೊಂದು ದೇಶದ ಹೆಂಗಸನ್ನು ಆರಿಸಿದ್ದರು. ನಾನು ಹೋಗಬಾರದಿತ್ತು. ಹೋದೆ.

ಅಲ್ಲಿ ಒಂದು ಮಧ್ಯಾಹ್ನ ಅದೇ ಸಂಶೋಧಕಿ ನನ್ನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಕಾಗದದ ಲೋಟದಲ್ಲಿ ಬೇಯಿಸಿದ ಹುಳ ಕೊಡಿಸಿದರು. ಆ ವಾಸನೆಗೆ ನನ್ನ ಕಣ್ಣು ತುಂಬಿಕೊಂಡಿತು. ಅವರ ತಾಯಿಯೂ ರೇಷ್ಮೆ ಗಿರಣಿಯಲ್ಲಿ ದುಡಿದವರಂತೆ, ಇದನ್ನೇ ತಿನ್ನಿಸಿ ಮಕ್ಕಳನ್ನು ಸಾಕಿದರಂತೆ. ನೂಲೂ ತೆಗೆದು ಹುಳವನ್ನೂ ಉಣ್ಣುವ ಮನೆಯವಳನ್ನು ಹುಡುಕಿಕೊಂಡೇ ಕೊಳ್ಳೇಗಾಲಕ್ಕೆ ಬಂದಿದ್ದರಂತೆ. ಚಿಕ್ಕವ್ವನ ಕೈ ನೋಡಿ ಆಸೆ ಹುಟ್ಟಿತ್ತು, ಆದರೆ ನಿಮ್ಮಲ್ಲಿ ತಿನ್ನುವುದಿಲ್ಲವಲ್ಲ ಎಂದರು. ನಾನು ತಿನ್ನುವುದನ್ನು ನೋಡಿ, ಮೊದಲ ಸಲವೇ ಇಷ್ಟು ಸಲೀಸಾಗಿ ತಿಂದ ಹೊರಗಿನವರನ್ನು ಕಂಡಿಲ್ಲವೆಂದು ಹೊಗಳಿದರು. ಆಗಲಾದರೂ ಹೇಳಬಹುದಿತ್ತು. ಥ್ಯಾಂಕ್ಸ್ ಎಂದು ಹೇಳಿ ಲೋಟ ಖಾಲಿ ಮಾಡಿದೆ.

ಊರಿಗೆ ಬಂದು ಚಿಕ್ಕವ್ವನ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಶೆಡ್ಡು ಅಷ್ಟರಲ್ಲಿ ಮುಚ್ಚಿತ್ತು. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ತಲೆಯಲ್ಲಾಡಿಸಿದ್ದನ್ನು ಅವತ್ತೇ ಕಂಡಿದ್ದಳಂತೆ, ಅದು ತಿಳಿಯಲು ಕೊರಿಯನ್ ಬರಬೇಕಾಗಿರಲಿಲ್ಲವಂತೆ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಯಿ ಸುಲಿಯುತ್ತಲೇ ಕೇಳಿದಳು:

“ಅಲ್ಲಿ ಆವಮ್ಮ ಕೊಟ್ಟಾಗ ತಿಂದ್ಯಾ?”

“ತಿಂದೆ.”

“ಅವ್ರ ಕೈಲಿ ತಿಂದೆ ಅನ್ನಕೆ ನಾಚ್ಕೆ ಇಲ್ಲ ನಿಂಗೆ. ನನ್ ಕೈಲಿ ತಿಂದಿವ್ನಿ ಅನ್ನಕೆ ಯಾಕವ್ವ ನಾಚ್ಕೆ ಬಂತು?”