ಹನ್ನೆರಡನೆಯ ಚೀಟಿ

ದೇವರನ್ನು ನಂಬುವವಳು ನಾನು. ಆದರೂ ಯಾರಾದರೂ ಇಂಥ ಸಂಗತಿ ಹೇಳಿದರೆ, ‘ಪಾಪ, ಸರಿಯಾಗಿ ನಿದ್ದೆ ಆಗಿರಲಿಕ್ಕಿಲ್ಲ’ ಎಂದುಕೊಂಡು ಸುಮ್ಮನಾಗುತ್ತಿದ್ದೆ. ನೀವೂ ಹಾಗೆ ಅಂದುಕೊಂಡರೆ ನನ್ನ ತಕರಾರಿಲ್ಲ.

ಈಗ ಹೈದರಾಬಾದಿನ ಕಾಚಿಗೂಡದ ಮನೆಯಲ್ಲಿ ಅಡುಗೆ, ಪೂಜೆ ಎಂದು ಇದ್ದೇನೆ. ಮೊದಲು ಒಂಬತ್ತು ವರ್ಷ ಮಾದಾಪುರದ ಒಂದು ಸಲಹಾ ಕಂಪನಿಯಲ್ಲಿದ್ದೆ. ಯಾವುದಾದರೂ ಕಚೇರಿ ಹಳೆಯ ಪದ್ಧತಿ ಬಿಟ್ಟು ಹೊಸದಕ್ಕೆ ಬದಲಾಗುವಾಗ ಅಲ್ಲಿನ ಜನರನ್ನು ಅದಕ್ಕೆ ಒಗ್ಗಿಸುವುದು ನನ್ನ ಕೆಲಸ. ನಮ್ಮ ಅತ್ತೆ ನೆಂಟರಿಗೆ ಹೇಳುತ್ತಿದ್ದುದೇ ಬೇರೆ: “ನಮ್ಮ ಸೊಸಿ ಮಂದೀನ್ನ ರಮಿಸಾಕ ಹೋಗ್ತಾಳ್ರಿ. ಅದಕ್ಕೂ ಪಗಾರ ಕೊಡ್ತಾರ ನೋಡ್ರಿ!”

ಆ ಸಲದ ಕಚೇರಿ ಬೇಗಂಪೇಟೆಯಲ್ಲಿತ್ತು. ಕಾಗದದ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ದಾಖಲೆ ವಿಭಾಗದ ಹನ್ನೊಂದು ಜನರಿಗೆ ಒಂದೊಂದು ಚೀಟಿ ಕೊಟ್ಟು, ‘ಈ ಬದಲಾವಣೆಯಲ್ಲಿ ನಿಮಗೇನು ಭಯ? ಬರೆಯಿರಿ, ಹೆಸರು ಬೇಡ’ ಎಂದಿದ್ದೆ. ಯಾರು ಏನು ಬರೆದರೆಂದು ಯಾರಿಗೂ ಹೇಳುವುದಿಲ್ಲ ಎಂದು ಮಾತನ್ನೂ ಕೊಟ್ಟಿದ್ದೆ. ಚೀಟಿಗಳನ್ನು ಹಳದಿ ರಟ್ಟಿನಲ್ಲಿ ಮನೆಯಲ್ಲಿ ನಾನೇ ಕತ್ತರಿಸಿದ್ದೆ. ಹನ್ನೊಂದಕ್ಕೆ ರಟ್ಟು ಮುಗಿದಿತ್ತು.

ಬರೆದ ಚೀಟಿಗಳನ್ನು ಅಲ್ಲಿನ ಸಾಹೇಬರಿಗೆ ಒಪ್ಪಿಸಿದೆ. ಸಂಜೆ ಅವರು ನನ್ನನ್ನು ಗಾಜಿನ ಕೋಣೆಗೆ ಕರೆದರು. ಅದರ ಬಾಗಿಲು ಅವರ ಕಾರ್ಡಿಗಷ್ಟೇ ತೆರೆಯುತ್ತಿತ್ತು. ಅವರದು ರಾಯಚೂರು ಕಡೆಯ ಮನೆತನ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದದ್ದರಿಂದ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವರ ಕೈಯಲ್ಲಿ ಹಿಂದಿಯ ಒಂದು ಚೀಟಿ ಇತ್ತು. ‘ಸಾಹೇಬರಿಗೇ ಕಂಪ್ಯೂಟರ್ ಬಾರದು, ನಮಗೆ ಯಾರು ಕಲಿಸುತ್ತಾರೆ ಎಂಬುದೇ ಭಯ.’

“ಯಾರು ಬರದಾರ ಇದನ್ನ?”

ಬರೆದವಳು ನಸೀಮಾ. ನನ್ನೆದುರೇ ನಗುತ್ತ ಬರೆದಿದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

“ಗೊತ್ತಿಲ್ರಿ,” ಎಂದೆ.

“ನಮ್ಮಾಕಿ ಅದೀ ಅಂತ ಕೇಳಾಕತ್ತೀನಿ, ತಂಗಿ. ನಿಮ್ಮ ಕಂಪನಿಗೆ ಒಂದು ಫೋನ್ ಹಚ್ಚಿದ್ರ ನಾಳಿಂದ ನೀ ಮನ್ಯಾಗ ಕುಂಡ್ರತೀ. ಹೆಸರು ಹೇಳು, ಬಾಗಲಾ ತೆಗೀತೀನಿ.”

ಆಗ ನಮ್ಮ ಯಜಮಾನರಿಗೆ ಕೆಲಸವಿರಲಿಲ್ಲ. ಅರ್ಧ ಗಂಟೆ ಹಾಗೇ ಕೂತೆ. ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಗಾಜಿನಾಚೆ ಎಲ್ಲರೂ ಚೀಲ ಹಿಡಿದು ಹೊರಟಿದ್ದರು. ನಸೀಮಾ ನನ್ನತ್ತ ಕೈ ಬೀಸಿ ಹೋದಳು. ಮನಸ್ಸಿನಲ್ಲಿ ದೇವರ ನಾಮ ಹೇಳಿಕೊಳ್ಳುತ್ತಿದ್ದೆ. ಆದರೆ ನಿಮ್ಮ ಮುಂದೆ ಸುಳ್ಳೇಕೆ? ನಸೀಮಾಳ ಹೆಸರು ತುಟಿಗೆ ಬಂದಿತ್ತು. ಹೇಳಿಬಿಡುವುದೆಂದು ತೀರ್ಮಾನಿಸಿಯೇ ತಲೆ ಎತ್ತಿದೆ.

ಅಷ್ಟರಲ್ಲಿ ಸಾಹೇಬರು ಚೀಟಿಗಳನ್ನು ಮೇಜಿನ ಮೇಲೆ ಹರಡಿ ಎಣಿಸುತ್ತಿದ್ದರು. “ಹನ್ನೊಂದು ಮಂದಿಗೆ ಹನ್ನೆರಡು ಚೀಟಿ ಹೆಂಗ? ಇದೇನು, ತೆಲುಗೋ ಕನ್ನಡಾನೋ? ಓದು.”

ಅದೇ ಹಳದಿ ರಟ್ಟು. ಕನ್ನಡ. ಎಲ್ಲರಿಗೂ ನಾನು ಕೊಟ್ಟದ್ದು ನೀಲಿ ಪೆನ್ನು. ಇದು ಮಾತ್ರ ಪೆನ್ಸಿಲಿನದು. ಅಕ್ಷರ ನನ್ನದೇ. ನಾನು ಬರೆದಿರಲಿಲ್ಲ.

ಓದಿದೆ. “ಹೆಸರು ಹೇಳಿಬಿಡುತ್ತೇನೆಂಬ ಭಯ.”

“ಯಾರದಿದು?”

“ನಂದ್ರಿ,” ಎಂದೆ.

ಅವರು ಆ ಚೀಟಿಯನ್ನು ನನ್ನತ್ತ ಸರಿಸಿದರು. ಎದ್ದು ಬಾಗಿಲಿಗೆ ಕಾರ್ಡು ತಾಗಿಸಿದರು.

ನಮ್ಮ ಕಂಪನಿಗೆ ಅವರ ಫೋನು ಮಾತ್ರ ಹೋಯಿತು. ಎರಡು ತಿಂಗಳಲ್ಲಿ ನಾನು ಕೆಲಸ ಬಿಡಬೇಕಾಯಿತು. ಅದೇ ತಿಂಗಳು ಯಜಮಾನರಿಗೆ ಕೆಲಸ ಸಿಕ್ಕಿತು, ದೇವರು ದೊಡ್ಡವನು. ನಸೀಮಾ ಇನ್ನೂ ಅಲ್ಲೇ ಇದ್ದಾಳೆ, ಇದಾವುದೂ ಅವಳಿಗೆ ತಿಳಿಯದು. ರಂಜಾನಿಗೆ ಶೀರ್ ಖುರ್ಮಾ ಪಾಯಸ ಕಳಿಸುತ್ತಾಳೆ. ಮೊದಲ ಬಟ್ಟಲು ಅತ್ತೆಯದು.

ಚೀಟಿ ದೇವರ ಕೋಣೆಯಲ್ಲಿದೆ. ಮೈಮರೆತು ನಾನೇ ಬರೆದೆನೇ? ಹಾಗಾದರೆ ರಟ್ಟು ಎಲ್ಲಿಯದು? ಚೀಟಿಗಳನ್ನು ಸಾಹೇಬರಿಗೆ ಒಪ್ಪಿಸಿದಾಗ ಅವರಿನ್ನೂ ಹೆಸರು ಕೇಳಿರಲೇ ಇಲ್ಲ. ದೇವರು ಬರೆದ ಎನ್ನಲೂ ಬಾಯಿ ಬಾರದು. ಅವನಿಗೆ ನನ್ನ ಈ ಕೆಟ್ಟ ಅಕ್ಷರ ಯಾಕೆ ಬೇಕು? ನನಗೆ ಖಂಡಿತವಾಗಿ ಗೊತ್ತಿರುವುದು ಒಂದೇ. ಆ ಚೀಟಿ ಬಾರದಿದ್ದರೆ ನಾನು ಹೇಳಿಬಿಡುತ್ತಿದ್ದೆ.