ಕೆಲಗೇರಿ ಏರಿಯ ಬ್ಯಾಟರಿ ಸತ್ಯವ್ವ

ಧಾರವಾಡದ ಕೆಲಗೇರಿ ಕೆರೆಯ ಏರಿಗೆ ಬೆಳಗಿನ ವಾಕಿಂಗಿನವರು ಬರುವ ಮೊದಲೇ ಸತ್ಯವ್ವ ತಮ್ಮ ಕಲ್ಲಿನ ಮೇಲೆ ಕೂತಿರುತ್ತಾರೆ. ಚಳಿಗೆ ತಲೆಗೊಂದು ಟವೆಲ್ಲು ಸುತ್ತಿದ್ದಾರೆ. ಶೇಂಗಾ ಹಿಂಡಿಗೆ ಜೋಳದ ಹಿಟ್ಟು ಬೆರೆಸಿ ಎಡಗೈಯಲ್ಲೇ ನಾದಿ, ನಿಂಬೆಕಾಯಿ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಾರೆ. ಕೋಲಿನ ಬುಡವನ್ನು ಬಲಗಂಕುಳಲ್ಲಿ ಸಿಕ್ಕಿಸಿಕೊಂಡು ಎಡಗೈ ಬೀಸಿದರೆ ಸೀಸದ ಗುಂಡು ಮಂಜಿನೊಳಗೆ ಹಾರಿ ಹೋಗುತ್ತದೆ. ಅದು ಬಿದ್ದ ಜಾಗ ಕಾಣುವುದಿಲ್ಲ, ಸಪ್ಪಳವಷ್ಟೇ ಕೇಳುತ್ತದೆ. ಆಮೇಲೆ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಕೆಂಪು ವೈರನ್ನು ಕೆಂಪು ಗುರುತಿಗೆ, ಕರಿಯದನ್ನು ಕರಿಯದಕ್ಕೆ ಕಚ್ಚಿಸುತ್ತಾರೆ. ಡಬ್ಬಿಯೊಳಗೆ ಬ್ಯಾಟರಿ ಇದೆ. ಕೋಲಿನ ಮೇಲೆ ತೆಂಗಿನಕಾಯಿಯಷ್ಟು ದಪ್ಪದ ಕರಿಯ ಯಂತ್ರವೊಂದು ಕೂತಿದೆ. ಊರವರು ಅದನ್ನು ರೀಲು ಅನ್ನುತ್ತಾರೆ, ಸತ್ಯವ್ವ ರಾಟಿ ಅನ್ನುತ್ತಾರೆ.

ಬಿಸಿಲು ನೀರಿಗಿಳಿಯುವ ಹೊತ್ತಿಗೆ ಕೋಲಿನ ತುದಿ ಎರಡು ಸಲ ತಲೆ ಬಾಗಿಸುತ್ತದೆ. ಸತ್ಯವ್ವ ಅವಸರ ಮಾಡುವುದಿಲ್ಲ. ಮೀನು ದಾರ ಎಳೆದುಕೊಂಡು ಓಡುತ್ತದೆ, ರಾಟಿ ಕಿರಗುಟ್ಟುತ್ತ ದಾರ ಬಿಡುತ್ತದೆ. ಓಟ ನಿಂತ ಮೇಲೆ ಅವರು ಹೆಬ್ಬೆರಳಿನಿಂದ ಹಿತ್ತಾಳೆಯ ಪಟ್ಟಿಯೊಂದನ್ನು ಮೆಲ್ಲಗೆ ಮುಂದೊತ್ತುತ್ತಾರೆ. ಗುಂಯ್ ಎಂದು ದಾರ ತಾನಾಗಿ ಸುತ್ತಿಕೊಳ್ಳತೊಡಗುತ್ತದೆ.

"ಮೀನ ಓಡು ಮುಂದ ರಾಟಿ ಒತ್ತಬಾರದ್ರಿ," ಎನ್ನುತ್ತಾರೆ, ಕಣ್ಣು ನೀರಿನ ಮೇಲೇ ಇಟ್ಟು. "ಅದೂ ಎಳೀತೈತಿ, ಇದೂ ಎಳೀತೈತಿ, ನಡುವ ದಾರ ಹರೀತೈತಿ. ಇಲ್ಲಾ ಮೋಟರ್ ಬಿಸಿ ಆಕ್ಕತಿ. ಅದು ದಣೀಲಿ ಅಂತ ಸುಮ್ಮನ ಕೂತ್ರ ಆತು."

ದಂಡೆಗೆ ಬಂದದ್ದು ಒಂದು ಕಟ್ಲಾ ಮೀನು, ಎರಡು ಕಿಲೋಗೆ ಕಡಿಮೆ ಇಲ್ಲ. ಪತಿ ಉಡಚಪ್ಪ ಬಲೆಚೀಲ ಹಿಡಿದು ನೀರಿಗಿಳಿಯುತ್ತಾರೆ. ಸತ್ಯವ್ವ ಹಿಡಿದದ್ದನ್ನು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಹೆಚ್ಚಿ ಮಾರುವುದು ಅವರ ಕೆಲಸ. ಒಳ್ಳೆಯ ದಿನ ಮೂರು ನಾಲ್ಕು ದೊಡ್ಡ ಮೀನು, ಒಂದಿಷ್ಟು ಸಣ್ಣ ಜಿಲೇಬಿ ಮೀನು ಸಿಗುತ್ತವೆ. ಏನೂ ಸಿಗದ ದಿನಗಳೂ ಇವೆ. ಅಂಥ ದಿನ ಉಡಚಪ್ಪ ಕತ್ತಿ ಮಸೆದು, ಚಹಾ ಕುಡಿದು, ಹೆಂಡತಿಯ ಜೊತೆ ಮನೆಗೆ ಹೋಗುತ್ತಾರೆ.

ಸತ್ಯವ್ವನಿಗೆ ಗಾಳ ಹಿಡಿಯಲು ಕಲಿಸಿದವರು ತಂದೆ. ಆಗ ಕೋಲೂ ಇರಲಿಲ್ಲ, ರಾಟಿಯೂ ಇರಲಿಲ್ಲ. ಡಬ್ಬಿಗೆ ಸುತ್ತಿದ ದಾರವನ್ನು ಎಸೆದು, ಎರಡೂ ಕೈಯಲ್ಲಿ ಒಂದಾದಮೇಲೊಂದು ಎಳೆದುಕೊಳ್ಳುವುದು. ಮದುವೆಯಾದ ಮೇಲೂ, ಮಗಳು ಸ್ನೇಹಲ್ ಹುಟ್ಟಿದ ಮೇಲೂ ಅದೇ ಕೆಲಸ. ಆ ಮೀನಿನ ದುಡ್ಡಿನಲ್ಲೇ ಸ್ನೇಹಲ್ ಓದಿದರು, ಈಗ ಹತ್ತಿರದ ಮುಗದ ಊರಿನ ಶಾಲೆಯಲ್ಲಿ ಟೀಚರು.

ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಕೆರೆಗಿಳಿಯುವ ಮೆಟ್ಟಿಲಿನ ಪಾಚಿ ಮೇಲೆ ಸತ್ಯವ್ವ ಜಾರಿ ಬಿದ್ದರು. ಬಲಗೈ ಮೊಣಕೈ ಮೈಕೆಳಗೆ ಸಿಕ್ಕಿ ಮುರಿಯಿತು. ಸತ್ತೂರಿನ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ ಕೂಡಿಸಿದರು. ವ್ಯಾಯಾಮವನ್ನೂ ಮಾಡಿಸಿದರು. ಆದರೂ ಕೈ ಪೂರ್ತಿ ಚಾಚಲು ಆಗಲಿಲ್ಲ, ಬೆರಳುಗಳಿಗೆ ಹಿಡಿತ ಬರಲಿಲ್ಲ. "ಎಲುಬು ಕೂಡಿತ್ರಿ, ಮುಷ್ಟಿ ಕೂಡಲಿಲ್ಲ," ಎನ್ನುತ್ತಾರೆ ಸತ್ಯವ್ವ. ಒಂದೇ ಕೈಯಲ್ಲಿ ದಾರ ಎಳೆಯುವುದು ಹೇಗೆ? ಹಲ್ಲಿನಲ್ಲಿ ಕಚ್ಚಿ ಹಿಡಿದು ನೋಡಿದರು. ತುಟಿ ಕೊಯ್ದುಕೊಂಡರು.

ಸ್ನೇಹಲ್ ಖಡಾಖಂಡಿತವಾಗಿ ಹೇಳಿದರು: "ಸಾಕವ್ವ. ನಾ ದುಡೀತೀನಿ. ನೀ ಮನ್ಯಾಗ ಆರಾಮ ಇರು."

ಒಂದು ವರ್ಷ ಆರಾಮ ಇದ್ದರು. ಅದನ್ನು ನೆನೆಸಿಕೊಂಡರೆ ಉಡಚಪ್ಪ ಈಗಲೂ ತಲೆ ಹಿಡಿದುಕೊಳ್ಳುತ್ತಾರೆ. "ಅಕ್ಕಿ ಆರಿಸಿದ್ದನ್ನ ಮತ್ತ ಆರಿಸ್ತಿದ್ಲ್ರಿ. ಮೀನಿನ ತಲಿ ಸಿಗಲಿಲ್ಲಂತ ನನ್ನ ತಲಿ ತಿಂದ್ಳು." ಆದರೆ ಸಂಜೆಯಾದರೆ ಹೆಂಡತಿ ಬಾಗಿಲಲ್ಲಿ ಕೂತು, ಗಾಳಿ ಯಾವ ಕಡೆಗಿದೆ ಎಂದು ಗಿಡದ ಎಲೆ ನೋಡುತ್ತಿದ್ದುದನ್ನೂ ಅವರು ಮರೆತಿಲ್ಲ.

ಆ ಮನೆಗೆ ರಾಟಿ ತಂದವರು ಫಿರದೋಸ. ಧಾರವಾಡದಲ್ಲಿ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿಯನ್ನು ಈಗ ಅವರೇ ನಡೆಸುತ್ತಾರೆ. ಸುಟ್ಟ ಫ್ಯಾನು, ಪಂಪು, ಮಿಕ್ಸರುಗಳಿಗೆ ಮತ್ತೆ ತಾಮ್ರದ ತಂತಿ ಸುತ್ತಿ ಜೀವ ತುಂಬುವುದು ಅವರ ಕಸುಬು. ಸಣ್ಣ ಹುಡುಗಿಯಾಗಿದ್ದಾಗಿನಿಂದ ಸತ್ಯವ್ವನ ಕೈಯ ಮೀನು ತಿಂದು ಬೆಳೆದವರು. ಹುಬ್ಬಳ್ಳಿಯ ಗುಜರಿ ಬಜಾರಿನಲ್ಲಿ ಹಳೆಯ ಮೋಟರುಗಳ ರಾಶಿಯಲ್ಲಿ ಅವರಿಗೆ ಇದು ಸಿಕ್ಕಿತು. ಕಾರವಾರದ ಕಡೆಯ ಯಾವುದೋ ಬೋಟಿನ ಸಾಮಾನು ಎಂದಷ್ಟೇ ಗುಜರಿಯವನಿಗೆ ಗೊತ್ತಿತ್ತು. ಬಿಚ್ಚಿದರೆ ಒಳಗೆಲ್ಲ ಹಸಿರು ಬಿಳಿ ಹಿಟ್ಟು ಕಟ್ಟಿತ್ತು.

"ಮೋಟರ್ ಸತ್ತಿರಲಿಲ್ರಿ," ಎನ್ನುತ್ತಾರೆ ಫಿರದೋಸ. "ಸಮುದ್ರದ ಉಪ್ಪು ತಿಂದು ವೈರಿನ ಬಾಯಿ ಕಟ್ಟಿತ್ತು. ಉಜ್ಜಿ, ಬ್ಯಾರೆ ವೈರ್ ಹಾಕಿ ಬ್ಯಾಟರಿ ಕೊಟ್ಟೆ. ತಿರುಗ್ತು. ತಿರುಗಿದ ಕೂಡ್ಲೇ ನಮ್ಮ ಸತ್ಯವ್ವ ಕಾಕಿ ನೆನಪಾದ್ಳು."

ರಾಟಿಯ ಹಿಡಿಕೆ ಬಲಗೈಯವರಿಗೆಂದು ಇತ್ತು. ಫಿರದೋಸ ಅದಕ್ಕೆ ಹಿತ್ತಾಳೆಯ ಪಟ್ಟಿಯೊಂದನ್ನು ಕೂಡಿಸಿ ಎಡಗೈ ಹೆಬ್ಬೆರಳಿಗೆ ಸಿಗುವಂತೆ ತಂದರು. ಕೆಟ್ಟ ಇ-ಬೈಕಿನ ಬ್ಯಾಟರಿಯಿಂದ ಸರಿ ಇದ್ದ ಸೆಲ್ಲುಗಳನ್ನು ಆರಿಸಿ ಡಬ್ಬಿಯಲ್ಲಿ ಜೋಡಿಸಿದರು. ಸತ್ಯವ್ವ ಅದನ್ನು ನೋಡಿದವರೇ, "ಮೀನ ಹಿಡಿಯಾಕ ಮಿಕ್ಸರ್ ತಂದೀಯೇನವ್ವ?" ಎಂದರಂತೆ.

ಮೊದಲ ದಿನ ಪಟ್ಟಿಯನ್ನು ಪೂರ್ತಿ ಒತ್ತಿಬಿಟ್ಟರು. ದಾರ ಭರ್ರನೆ ಬಂದು, ನಿಲ್ಲಿಸುವುದು ತಿಳಿಯುವುದರೊಳಗೆ ಸೀಸದ ಗುಂಡು ಕೋಲಿನ ತುದಿಗೆ ಬಡಿದು ತುದಿ ಲಟಕ್ಕನೆ ಮುರಿಯಿತು. ಕೋಲನ್ನು ಹೊಸದು ಮಾಡಿಕೊಂಡು, ದಾರ ಇನ್ನೆರಡು ಮೊಳ ಇರುವಾಗಲೇ ಬೆರಳು ಹಿಂದೆಗೆಯುವುದನ್ನು ಕಲಿತರು. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು. ಕೆಸರಾಗಿದೆಯೆಂದು ರಾಟಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಸೋಪಿನ ಪುಡಿ ಹಾಕಿ, ಪಾತ್ರೆ ತೊಳೆದಂತೆ ತೊಳೆದುಬಿಟ್ಟರು. ಮರುದಿನ ಒತ್ತಿದರೆ ಉಸಿರೇ ಇಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಫಿರದೋಸರ ಅಂಗಡಿಗೆ ಹೋಗಿ ಬಾಗಿಲಲ್ಲೇ ನಿಂತರು. ಫಿರದೋಸ ಬಯ್ಯಲಿಲ್ಲ. ಬಿಚ್ಚಿ ಒಣಗಿಸಿದರು, ಕೀಲಿಗೆಲ್ಲ ಹೊಸ ಗ್ರೀಸು ತುಂಬಿದರು. ಕಾಕಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಭಾಗ ತೋರಿಸಿದರು. ಎಲ್ಲಿ ಒದ್ದೆ ಬಟ್ಟೆ ಸಾಕು, ಎಲ್ಲಿ ಎಣ್ಣೆ ಒಂದೇ ಹನಿ, ಎಲ್ಲಿ ಕೈ ಹಾಕಲೇಬಾರದು ಎಂಬುದು ಅಂದು ಸತ್ಯವ್ವನಿಗೆ ಮನದಟ್ಟಾಯಿತು.

ಮೀನು ಮತ್ತೆ ಬರತೊಡಗಿದವು. ಅವುಗಳ ಹಿಂದೆಯೇ ಮಾತೂ ಬಂತು.

ನೀರಿಗೆ ಕರೆಂಟು ಬಿಟ್ಟು ಮೀನು ಕೊಲ್ಲುವ ಕಳ್ಳರ ಸುದ್ದಿ ಎಲ್ಲರಿಗೂ ಗೊತ್ತು. ಹಾಗೆ ಬಿಟ್ಟರೆ ಮರಿ, ಮೊಟ್ಟೆ, ಏಡಿ ಒಂದೂ ಉಳಿಯುವುದಿಲ್ಲ. ಸತ್ಯವ್ವನ ಪಕ್ಕದ ಬ್ಯಾಟರಿ ಡಬ್ಬಿ, ಅದರ ವೈರು ನೋಡಿದ ಯಾರೋ ಅದನ್ನೇ ಹಬ್ಬಿಸಿದರು. ಮೀನಿನ ಗುತ್ತಿಗೆ ಹಿಡಿದ ಶಶಿಕಾಂತ ಏರಿಗೆ ಬಂದು ನಿಂತು, ಜನರೆದುರೇ ಕೇಳಿದರು: "ಕಾಕಿ, ಇಷ್ಟ ವರ್ಷ ನಿಮ್ಮ ಗಾಳಕ್ಕ ನಾ ಬ್ಯಾಡ ಅಂದಿಲ್ಲ. ಕೆರಿಗೆ ಕರೆಂಟ್ ಬಿಡೂದು ಖರೇನ?"

ಸತ್ಯವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. ದಾರದ ತುದಿಯನ್ನು ಒದ್ದೆ ಕೈಯಲ್ಲಿ ಹಿಡಿದುಕೊಂಡು, ದಂಡೆಯ ಮೇಲಿದ್ದ ಗಂಡನಿಗೆ, "ಒತ್ರಿ," ಎಂದರು. ರಾಟಿ ಗುಂಯ್ ಎಂದಿತು. ದಾರ ಅವರ ಕೈಯಿಂದ ಜಾರಿ ಹೋಯಿತು, ಅಷ್ಟೇ. "ನೀರಾಗ ನಾನೂ ಅದೇನಿ, ಮೀನೂ ಅದಾವು. ಯಾರರೆ ಸತ್ತಾರೇನು?" ಎಂದು ಕೇಳಿದರು.

ಜನ ನಕ್ಕರು. ಶಶಿಕಾಂತ ನಗಲಿಲ್ಲ. ಕರೆಂಟಿನ ಅನುಮಾನವೇನೋ ಹೋಯಿತು, ಆದರೆ ಇಂದು ಒಬ್ಬರು ಯಂತ್ರ ತಂದರೆ ನಾಳೆ ಹತ್ತು ಮಂದಿ ತರುತ್ತಾರೆ ಎಂಬುದು ಅವರ ಚಿಂತೆ. "ಗಾಳ ಅಂದ್ರ ಕೈಗಾಳ. ಯಂತ್ರ ಬ್ಯಾಡ್ರಿ," ಎಂದು ಹೇಳಿ ಹೋದರು. ಸತ್ಯವ್ವ ಜಗಳಾಡಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ ಎಂದಷ್ಟೇ ಸ್ನೇಹಲ್ ನೆನೆಯುತ್ತಾರೆ. "ಮನ್ಯಾಗ ಕೂತ್ರ ಅವ್ವ ಸುಖವಾಗಿ ಇರ್ತಾಳ ಅಂತ ನಾನ ತಿಳಿದಿದ್ದೆ. ಆವತ್ತ ಅಕಿ ಮಾರಿ ನೋಡಿದ ಮ್ಯಾಲೆ, ನಾನ ಹೋಗಿ ಶಶಿಕಾಂತ ಅಣ್ಣಾರ್ನ ಕೇಳಬೇಕು ಅನಿಸ್ತು. ಅವ್ವ ಬ್ಯಾಡ ಅಂದ್ಳು."

ಕೆಲವು ದಿನ ಕಳೆದು, ರಾಟಿಯನ್ನು ಫಿರದೋಸರಿಗೆ ಮರಳಿ ಕೊಟ್ಟುಬಿಡೋಣವೆಂದು ಗಂಡ ಹೆಂಡತಿ ಕೋಲು, ಡಬ್ಬಿ ಎತ್ತಿಕೊಂಡು ಹೊರಟರು. ಆಷಾಢದ ಗಾಳಿ ಜೋರಾಗಿತ್ತು. ಏರಿ ಹಾದು ಹೋಗುವಾಗ ನೀರಿನ ಕಡೆಯಿಂದ ಕೂಗು ಕೇಳಿತು. ಬಲೆ ನೋಡಲೆಂದು ಶಶಿಕಾಂತ ಒಬ್ಬರೇ ಥರ್ಮಾಕೋಲಿನ ತೆಪ್ಪದ ಮೇಲೆ ಹೋಗಿದ್ದರು. ಹುಟ್ಟುಗೋಲು ಕೈಜಾರಿ ತೇಲಿಹೋಗಿತ್ತು. ತೆಪ್ಪ ಗಾಳಿಗೆ ಸಿಕ್ಕು ಕೆರೆಯ ನಡುವಿಗೆ ಸರಿಯುತ್ತಿತ್ತು, ಅಲೆ ಹೊಡೆದಾಗೊಮ್ಮೆ ಓಲುತ್ತಿತ್ತು. ಶಶಿಕಾಂತರಿಗೆ ಈಜು ಬಾರದು. ಅವರ ಆಳುಗಳು ಹರಗೋಲು ತರಲು ಆಚೆ ದಂಡೆಗೆ ಓಡಿದ್ದರು.

ಸತ್ಯವ್ವ ಗಾಳ ಬಿಚ್ಚಿ ಎಸೆದು ಬರೀ ಸೀಸದ ಗುಂಡು ಉಳಿಸಿಕೊಂಡರು. ಮೊದಲ ಎಸೆತವನ್ನು ಗಾಳಿ ಹೊತ್ತೊಯ್ದಿತು. ಎರಡನೆಯದು ಮುಂದೆಯೇ ಬಿತ್ತು. ಇನ್ನೊಮ್ಮೆ ಎಸೆದಾಗ ದಾರ ತೆಪ್ಪದ ಮೇಲೆ ಅಡ್ಡ ಬಿತ್ತು.

"ಕೈಗೆ ಸುತ್ಕೋಬ್ಯಾಡ್ರೀ! ಬೆರಳ ಕೊಯ್ತೈತಿ! ತೆಪ್ಪದ ಹಗ್ಗಕ್ಕ ಕಟ್ರಿ!"

ಶಶಿಕಾಂತ ಕಟ್ಟಿದರು. ಸತ್ಯವ್ವ ಪಟ್ಟಿಯನ್ನು ಅರ್ಧ ಮಾತ್ರ ಒತ್ತಿದರು. ದಾರ ಬಿಗಿಯಿತು, ಕೋಲು ಬಿಲ್ಲಾಯಿತು. ಉಡಚಪ್ಪ ಹಿಂದಿನಿಂದ ಹೆಂಡತಿಯ ಸೊಂಟ ಹಿಡಿದು ಕಾಲೂರಿ ನಿಂತರು. ಗಾಳಿ ಬೀಸಿದಾಗ ಸತ್ಯವ್ವ ಬೆರಳು ಹಿಂದೆಗೆದು ತಡೆದು ನಿಲ್ಲುವರು, ಗಾಳಿ ತಗ್ಗಿದಾಗ ಒತ್ತುವರು. ಮೋಟರು ಬಿಸಿಯಾಗಿ ವಾಸನೆ ಬಂದಾಗ ನಿಲ್ಲಿಸಿ, ಅದರ ಮೈಗೆ ಒದ್ದೆ ಬಟ್ಟೆ ಹೊದಿಸಿದರು. "ಎಳೀ, ಎಳೀ!" ಎಂದು ತೆಪ್ಪದಿಂದ ಕೂಗು. "ತಡೀರಿ, ಅದಕ್ಕೂ ಉಸಿರ ಬೇಕು," ಎಂದು ಇಲ್ಲಿಂದ ಉತ್ತರ. ಹೀಗೆ ಮೊಳ ಮೊಳವಾಗಿ ತೆಪ್ಪ ದಂಡೆಗೆ ಬಂತು. ಹರಗೋಲು ಅರ್ಧ ದಾರಿಯಲ್ಲಿತ್ತು.

ಶಶಿಕಾಂತ ಕೆಸರಿನಲ್ಲಿ ಕೂತು ರಾಟಿಯನ್ನೇ ನೋಡುತ್ತ, "ಕಾಕಿ, ಇದು ಎಷ್ಟ ಕಿಲೋದ್ದು ಎಳೀತದ?" ಎಂದು ಕೇಳಿದರು. ಉಡಚಪ್ಪ ಉತ್ತರಿಸಿದರು: "ನಿಮ್ಮನ್ನ ಎಳೀತಲ್ರಿ ಸಾಹೇಬ್ರ, ಇನ್ನೇನ ಬೇಕು?"

ಅಂದು ಗಂಡ ಹೆಂಡತಿ ಫಿರದೋಸರ ಅಂಗಡಿಗೆ ಹೋದದ್ದು ನಿಜ, ಆದರೆ ರಾಟಿ ಮರಳಿಸಲು ಅಲ್ಲ, ಸುಟ್ಟ ವಾಸನೆ ಬಂದದ್ದು ಯಾಕೆಂದು ತೋರಿಸಲು. ಮರುದಿನ ಶಶಿಕಾಂತ ತಾವೇ ಸತ್ಯವ್ವನ ಮನೆಗೆ ಬಂದು, ಮತ್ತೆ ಕೆರೆಗೆ ಬನ್ನಿ ಎಂದು ಕರೆದರು. ಕೈ ನಡೆಯದವರು ಯಾರೇ ಯಂತ್ರದ ಗಾಳ ತಂದರೂ ತಮ್ಮ ಅಡ್ಡಿಯಿಲ್ಲ ಎಂದು ಏರಿಯ ಮೇಲಿದ್ದ ಎಲ್ಲರಿಗೂ ಹೇಳಿದರು. "ಅಕಿ ದಿನಾ ಹಿಡಿಯೂದು ನಮ್ಮ ಬಲಿ ಮುಂದ ಯಾ ಲೆಕ್ಕ?" ಎನ್ನುತ್ತಾರೆ ಈಗ. "ನಾ ಅವತ್ತ ಡಬ್ಬಿ ನೋಡಿದೆ, ಮನಶಾರ್ನ ನೋಡಲಿಲ್ಲ."

ಮಧ್ಯಾಹ್ನ ಊಟವಾದ ಮೇಲೆ ಸತ್ಯವ್ವ ಅಂಗಳದಲ್ಲಿ ಗೋಣಿ ಹಾಸಿ ರಾಟಿಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾರೆ. ಹಿಂಡಿದ ಬಟ್ಟೆಯಲ್ಲಿ ಕೆಸರು ಒರೆಸಿ, ಒಣಬಟ್ಟೆ ಆಡಿಸುತ್ತಾರೆ. ಸ್ನೇಹಲ್ ಎತ್ತಿಟ್ಟುಕೊಟ್ಟ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವೈರಿನ ಬಾಯಿ ಉಜ್ಜುತ್ತಾರೆ. ದಾರವನ್ನು ಬೆರಳ ಸಂದಿಯಲ್ಲಿ ಹಾಯಿಸುತ್ತ, ಎಲ್ಲಾದರೂ ಗೊರಗೊರ ಅನಿಸಿದರೆ ಅಲ್ಲಿಗೆ ಕತ್ತರಿಸುತ್ತಾರೆ. ಬಿಗಿಮಾಡುವ ತಿರುಪನ್ನು ಸಡಿಲಿಸಿ ಇಡುತ್ತಾರೆ, "ಮಲಗೂ ಮುಂದ ನಾವು ಸೀರಿ ಕಾಸಿ ಬಿಚ್ಚತೇವಲ್ರಿ, ಹಂಗ." ಬ್ಯಾಟರಿ ತಣ್ಣಗಾದ ಮೇಲೆಯೇ ಚಾರ್ಜಿಗೆ ಹಾಕುತ್ತಾರೆ. ಪೂರ್ತಿ ಖಾಲಿಯಾಗಲು ಬಿಡುವುದೂ ಇಲ್ಲ.

ಕಳೆದ ತಿಂಗಳು ಹುಬ್ಬಳ್ಳಿಯಿಂದ ಒಬ್ಬರು ಹುಡುಕಿಕೊಂಡು ಬಂದಿದ್ದರು. ಕಾರ್ಖಾನೆಯ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರು. ಫಿರದೋಸ ಕಾರಿನ ವೈಪರ್ ಮೋಟರಿನಿಂದ ಅವರಿಗೊಂದು ರಾಟಿ ಮಾಡುತ್ತಿದ್ದಾರೆ. ಅದು ಆಗುವ ತನಕ ಅವರು ರವಿವಾರ ಬಂದು ಸತ್ಯವ್ವನ ಪಕ್ಕದಲ್ಲಿ ಕೂತು, ಬೆರಳು ಯಾವಾಗ ಹಿಂದೆಗೆಯಬೇಕು ಎಂಬುದನ್ನು ಕಲಿಯುತ್ತಾರೆ.

ಏರಿಯ ವಾಕಿಂಗಿನವರೆಲ್ಲ ಈಗ ಅವರನ್ನು ಬ್ಯಾಟರಿ ಸತ್ಯವ್ವ ಎಂದೇ ಕರೆಯುತ್ತಾರೆ. ಅದಕ್ಕೆ ಅವರು ಸಿಟ್ಟಾಗುವುದಿಲ್ಲ, ನಗುತ್ತಾರೆ. ಪೇಪರಿನಲ್ಲೂ ಹಾಗೆಯೇ ಬರೆಯಬಹುದೇ ಎಂದು ಕೇಳಿದರೆ ಮಾತ್ರ ತುಸು ಯೋಚಿಸುತ್ತಾರೆ.

"ಮ್ಯಾಲೆ ದೊಡ್ಡ ಅಕ್ಷರದಾಗ ಬ್ಯಾಟರಿ ಅಂತ ಬೇಕಾದ್ರ ಹಾಕ್ರಿ, ಮಂದಿ ಓದ್ತಾರ," ಎನ್ನುತ್ತಾರೆ. "ಕೆಳಗ ಒಳಗ ಮಾತ್ರ, ಮೀನ ಹಿಡಿಯಾಕಿ ಅಂತ ಬರೀರಿ. ಅದ ನನ್ನ ಕೆಲಸ."