ಅಕ್ಕನ ಮೊಣಕಾಲು ಮತ್ತು ನನ್ನ ಬಹಿರಂಗ ಪತ್ರ

ಪತ್ರಿಕೆಗೆ ಬಹಿರಂಗ ಪತ್ರ ಬರೆಯುವುದು ನನ್ನ ಹಳೇ ಚಾಳಿ. ಹೆದ್ದಾರಿಯ ಹೊಂಡ, ಕಾಪುವಿನ ಬಸ್ಸು, ಕಡಲ್ಕೊರೆತ ಎಂದು ಬರೆದು ಬರೆದು ಕೈ ಸೋತಿದೆ. ಯಾವ ಅಧಿಕಾರಿಯೂ ಒಂದು ಸಾಲಿನ ಉತ್ತರ ಕೊಟ್ಟದ್ದಿಲ್ಲ. ಆದರೂ ಯಾಕೆ ಬರೆಯುತ್ತೇನೋ, ನನಗೇ ಗೊತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕನ ಬಗ್ಗೆ ಬರೆದೆ. ಅವಳು ಉಚ್ಚಿಲದ ಹೆದ್ದಾರಿ ಬದಿಯಲ್ಲಿ, ಅಮ್ಮ ಕೂರುತ್ತಿದ್ದ ಜಾಗದಲ್ಲೇ ಮೀನು ಮಾರುತ್ತಾಳೆ. ಅಲ್ಲಿನ ಹೆಂಗಸರಿಗೆ ಒಂದು ಸೂರು ಬೇಕೆಂದು ಜಿಲ್ಲೆಯ ಅಧಿಕಾರಿಗೆ ಬರೆದ ಪತ್ರ. ಮನ ಕರಗಲಿ ಎಂದು ಅವಳ ಮೊಣಕಾಲು ನೋವು, ಏಳುವಾಗ ಪಕ್ಕದವಳ ಕೈ ಹಿಡಿಯುವುದು, ಎಲ್ಲ ಸೇರಿಸಿದೆ. ಅವಳ ಹೆಸರು ಹಾಕಲಿಲ್ಲ; 'ನನ್ನ ಅಕ್ಕ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಎಂಥ ಜಾಣತನ!

ಬಹಿರಂಗ ಪತ್ರದ ಗುಣವೇ ಅದು. ವಿಳಾಸ ಒಬ್ಬರದು, ಓದುವವರು ಬೇರೆಯವರು. ಅಧಿಕಾರಿ ಸುಮ್ಮನಿದ್ದರು. ಶಿರ್ವದಿಂದ, ಎಲ್ಲೂರಿನಿಂದ ಬರುವ ಗಿರಾಕಿಗಳು ಮಾತ್ರ ತಪ್ಪದೆ ಓದಿದ್ದರು.

ವಾರದ ನಂತರ ಅಕ್ಕ ನನ್ನ ಅಂಗಳಕ್ಕೆ ಬಂದಳು. ಕೂರಲಿಲ್ಲ.

"ಎಂತ ಬರೆದದ್ದು ನೀನು? ಕ್ರಯ ಕಮ್ಮಿ ಮಾಡಿ ಅಂತ ಈಗ ಯಾರೂ ಹೇಳುವುದಿಲ್ಲ. ಮೊಣಕಾಲು ಹೇಗುಂಟು ಕೇಳ್ತಾರೆ, ಕೊಟ್ಟದ್ದು ತಗೊಂಡು ಹೋಗ್ತಾರೆ. ನಾನೆಂತ ಬೇಡಲಿಕ್ಕೆ ಕೂತದ್ದಾ ಮಾರಾಯ?"

ನಮ್ಮಲ್ಲಿ ಮೀನಿನ ಬುಟ್ಟಿಯ ಮುಂದೆ ಚೌಕಾಶಿ ಮಾಡುವುದೇ ಮರ್ಯಾದೆ. ಕಿವಿರು ಬಿಡಿಸಿ ನೋಡಿ ಮೂಗು ಮುರಿಯಬೇಕು, ಬೇಡವೆಂದು ಹೊರಟ ಹಾಗೆ ಮಾಡಬೇಕು, ಮಾರುವವಳು ಬೈದು ವಾಪಸ್ ಕರೆಯಬೇಕು. ಇದು ಗೊತ್ತಿದ್ದೂ ಬರೆದೆನಲ್ಲ ಎಂದು ನಾಚಿಕೆಯಾಯಿತು.

"ಇನ್ನೊಂದು ಪತ್ರ ಬರೆದು ಸರಿಮಾಡುತ್ತೇನೆ" ಎಂದೆ.

"ಬರಿ, ಬರಿ. ಆ ಪೇಪರು ನನಗೆ ಕೊಡು, ಮೀನು ಕಟ್ಟಲಿಕ್ಕೆ ಆಗ್ತದೆ. ಊರಿಗೆಲ್ಲ ಬರೆಯುವವ, ನನ್ನ ಹತ್ರ ಒಂದು ಮಾತು ಕೇಳಬಹುದಿತ್ತು ಅಲ್ವಾ?"

ಮರುದಿನ ಚೀಲ ಹಿಡಿದು ಅವಳ ಬುಟ್ಟಿಯ ಮುಂದೆ ನಿಂತೆ. ಗಿರಾಕಿಗಳಿಗೆ ಕೇಳುವಂತೆ, "ಇದು ನಿನ್ನೆಯ ಬಂಗುಡೆ ಅಲ್ವಾ?" ಎಂದೆ.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಶುರುವಾಯಿತು ನೋಡಿ ಬೈಗುಳ! ಪಕ್ಕದಲ್ಲಿದ್ದ ಗಿರಾಕಿಯೂ ಒಂದು ಮೀನು ಒತ್ತಿ ನೋಡಿ, ಕ್ರಯ ಜಾಸ್ತಿಯಾಯಿತು ಎಂದರು. ಅಕ್ಕನ ಗಂಟಲು ಇನ್ನೂ ಏರಿತು. ನನಗೆ ಸ್ವಲ್ಪ ಸಮಾಧಾನವಾಯಿತು.

ಬುಟ್ಟಿ ಖಾಲಿಯಾಗುವವರೆಗೂ ಅಲ್ಲೇ ಇದ್ದೆ. ಪಕ್ಕದವಳು ಎಂದಿನಂತೆ ಕೈ ಚಾಚಿದಳು. ಅಕ್ಕ ಅದನ್ನು ಹಿಡಿಯಲಿಲ್ಲ. ನೆಲಕ್ಕೆ ಎರಡೂ ಕೈ ಊರಿ, ಹಲ್ಲು ಕಚ್ಚಿ, ಒಬ್ಬಳೇ ಎದ್ದಳು.